ಬಾಟಲಿಯೊಳಗಿನ ಇಪ್ಪತ್ತು ಗ್ರಾಂ: ನ್ಯಾನೋ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

2025ರ ಜುಲೈನಲ್ಲಿ ಊರಿನ ಗೊಬ್ಬರದ ಅಂಗಡಿ ಮುಂದೆ ಅಪ್ಪನ ಜೊತೆ ನಾನೂ ಸಾಲಿನಲ್ಲಿ ನಿಂತಿದ್ದೆ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು, ಮೇಲುಗೊಬ್ಬರ ಕೊಡುವ ಹೊತ್ತು ಮೀರುತ್ತಿತ್ತು. ರಾಜ್ಯದ ಉದ್ದಗಲಕ್ಕೂ ಯೂರಿಯಾಗೆ ಹಾಹಾಕಾರ. ಕೊಪ್ಪಳದಲ್ಲಿ ರೈತರೊಬ್ಬರು ಮಣ್ಣು ತಿಂದು ಪ್ರತಿಭಟಿಸಿದ ದೃಶ್ಯ ಆಗಷ್ಟೇ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ನಮ್ಮ ಸರದಿ ಬಂದಾಗ ಅಂಗಡಿಯವರು ಎರಡು ಚೀಲದ ಜೊತೆ ಎರಡು ಬಾಟಲಿ ಇಟ್ಟರು. ‘ಇದು ಲಿಂಕು. ಬೇಡ ಅಂದ್ರೆ ಚೀಲಾನೂ ಇಲ್ಲ.’ ದ್ರವ ಯೂರಿಯಾದ ಆ ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ನ್ಯಾನೋ ಎಂದಿತ್ತು.

ದಾರಿಯುದ್ದಕ್ಕೂ ಅಪ್ಪ ಕೇಳಿದ್ದು ಒಂದೇ ಮಾತು. ‘ಅರ್ಧ ಲೀಟರ್ ನೀರು ನಲವತ್ತೈದು ಕೆಜಿ ಚೀಲದ ಕೆಲಸ ಹೆಂಗೆ ಮಾಡ್ತದೆ?’ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ನ್ಯಾನೋ ಅಂದರೇನು, ಅದು ನಿಜವಾಗಿ ಎಲ್ಲೆಲ್ಲಿ ಗೆದ್ದಿದೆ ಎಂಬುದನ್ನು ನೋಡಬೇಕು. ಯಾಕೆಂದರೆ ಅದು ಗೆದ್ದಿರುವ ಕಡೆ ಯಾಕೆ ಗೆದ್ದಿತು ಎಂದು ತಿಳಿದರೆ, ಬಾಟಲಿಯ ಲೆಕ್ಕ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ನ್ಯಾನೋಮೀಟರ್. ಹಾಗೆಂದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ. ನಿಮ್ಮ ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂದು ನ್ಯಾನೋಮೀಟರಿಗಿಂತ ಚೂರು ಹೆಚ್ಚು. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಿಮ್ಮ ಉಗುರು ನಾಲ್ಕೈದು ನ್ಯಾನೋಮೀಟರ್ ಬೆಳೆದಿದೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್, ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 100, ನಮ್ಮ ಡಿಎನ್‌ಎ ಎಳೆಯ ಅಗಲ 2. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳ ಜೊತೆ ಮಾಡುವ ಕೆಲಸವನ್ನು ನ್ಯಾನೋ ತಂತ್ರಜ್ಞಾನ ಎನ್ನುತ್ತಾರೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1959ರ ಡಿಸೆಂಬರಿನ ಉಪನ್ಯಾಸದಲ್ಲಿ ಇಂಥದ್ದೊಂದು ಸಾಧ್ಯತೆ ಮುಂದಿಟ್ಟರು. 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ಅದಕ್ಕೆ ಹೆಸರು ಕೊಟ್ಟರು. 1981ರಲ್ಲಿ ಜ್ಯೂರಿಕ್‌ನಲ್ಲಿ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಬಲ್ಲ ಸೂಕ್ಷ್ಮದರ್ಶಕ ತಯಾರಾಯಿತು. ಅಲ್ಲಿಂದಾಚೆಗೆ ಕನಸು ಕೆಲಸವಾಯಿತು.

ಬರೀ ಚಿಕ್ಕದು ಎಂಬ ಕಾರಣಕ್ಕೆ ಇದಕ್ಕೆ ಇಷ್ಟು ಮಹತ್ವ ಬಂದಿಲ್ಲ. ಈ ಗಾತ್ರಕ್ಕೆ ಇಳಿದಾಗ ವಸ್ತುವಿನ ಗುಣವೇ ಬದಲಾಗುತ್ತದೆ, ಅದೇ ಇಲ್ಲಿನ ತಿರುಳು. ಬದಲಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ.

ಮೊದಲನೆಯದು ಹೊರಮೈ. ಒಂದು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಬೆಲ್ಲದ ತುಂಡೊಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದರ ಆರು ಮುಖ ಸೇರಿದರೆ ಆರು ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರ್ ಗಾತ್ರದ ಸಾವಿರ ತುಂಡು ಮಾಡಿದರೆ ಹೊರಮೈ ಹತ್ತು ಪಟ್ಟು. ಇನ್ನೂ ಕತ್ತರಿಸುತ್ತಾ ಹೋಗಿ, ಮನಸ್ಸಿನಲ್ಲೇ, ಒಂದೊಂದು ತುಂಡೂ ಒಂದು ನ್ಯಾನೋಮೀಟರ್ ಆಗುವ ತನಕ. ಈಗ ಒಟ್ಟು ಹೊರಮೈ 6,000 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಒಂದೂವರೆ ಎಕರೆ! ಬೆರಳ ತುದಿಯಷ್ಟು ಬೆಲ್ಲದೊಳಗೆ ಒಂದೂವರೆ ಎಕರೆ ಹೊಲ ಮಡಚಿಕೊಂಡು ಕೂತಿತ್ತು. ವಸ್ತುಗಳು ಒಂದಕ್ಕೊಂದು ಅಂಟುವುದು, ಕರಗುವುದು, ಉರಿಯುವುದು, ಬೆರೆಯುವುದು ಎಲ್ಲವೂ ಹೊರಮೈಯಲ್ಲೇ. ಅಚ್ಚು ಬೆಲ್ಲಕ್ಕಿಂತ ಪುಡಿ ಬೆಲ್ಲ ಬೇಗ ಕರಗುತ್ತದೆ, ದಿಮ್ಮಿಗಿಂತ ಸಿಬರು ಬೇಗ ಹೊತ್ತಿಕೊಳ್ಳುತ್ತದೆ. ಆದರೆ ಇಷ್ಟೆಲ್ಲ ಕತ್ತರಿಸಿದರೂ ಬೆಲ್ಲದ ತೂಕ ಮೊದಲು ಎಷ್ಟಿತ್ತೋ ಅಷ್ಟೇ. ಮುಂದೆ ಬಾಟಲಿಯ ವಿಚಾರಕ್ಕೆ ಬಂದಾಗ ಇದೇ ಬೇಕಾಗುತ್ತದೆ.

ಎರಡನೆಯದು ಬೆಳಕು ಮತ್ತು ಎಲೆಕ್ಟ್ರಾನುಗಳ ವರ್ತನೆ. ಹಳದಿ ಚಿನ್ನವನ್ನು ಇಪ್ಪತ್ತು ಮೂವತ್ತು ನ್ಯಾನೋಮೀಟರ್ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ ನೀರು ಮಾಣಿಕ್ಯದಂತೆ ಕೆಂಪಗೆ ಕಾಣುತ್ತದೆ. ಕಣದ ಮೇಲಿನ ಎಲೆಕ್ಟ್ರಾನುಗಳು ಬೆಳಕಿನ ಹಸಿರು ಭಾಗದ ತಾಳಕ್ಕೆ ಒಟ್ಟಾಗಿ ಕುಣಿದು ಅದನ್ನು ನುಂಗುತ್ತವೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. 1857ರಲ್ಲೇ ಮೈಕೆಲ್ ಫ್ಯಾರಡೆ ಇಂಥ ಕೆಂಪು ದ್ರಾವಣ ಮಾಡಿ, ಈ ಬಣ್ಣಕ್ಕೆ ಚಿನ್ನದ ಅತಿ ಸಣ್ಣ ಕಣಗಳೇ ಕಾರಣ ಎಂದು ಗುರುತಿಸಿದ್ದರು. ಇನ್ನೂ ಸಣ್ಣ ಅರೆವಾಹಕ ಕಣಗಳಲ್ಲಿ ಗಾತ್ರವೇ ಬಣ್ಣವನ್ನು ತೀರ್ಮಾನಿಸುತ್ತದೆ. ವಸ್ತು ಒಂದೇ, ಚಿಕ್ಕ ಕಣ ನೀಲಿ ಸೂಸುತ್ತದೆ, ಅದಕ್ಕಿಂತ ದೊಡ್ಡದು ಕೆಂಪು. ಕ್ವಾಂಟಮ್ ಡಾಟ್ ಎಂಬ ಈ ಕಣಗಳ ಕೆಲಸಕ್ಕೆ 2023ರ ರಸಾಯನಶಾಸ್ತ್ರ ನೊಬೆಲ್ ಬಂತು. ಅಂಗಡಿಯಲ್ಲಿ ಕ್ಯೂಎಲ್‌ಇಡಿ ಎಂದು ಮಾರುವ ಟಿವಿಯಲ್ಲಿ ಇರುವುದೂ ಇವೇ.

ಇನ್ನು ಮನೆಯೊಳಗೆ ಬರೋಣ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡ ಕಿಟ್ ನೆನಪಿದೆಯಲ್ಲ? ಹಳ್ಳಿಯ ಔಷಧಿ ಅಂಗಡಿಯಲ್ಲೂ ಸಿಗುವ ಗರ್ಭ ಪರೀಕ್ಷೆಯ ಕಡ್ಡಿಯೂ ಅದೇ ಜಾತಿಯದು. ಅದರಲ್ಲಿ ಮೂಡುವ ಕೆಂಪು ಗೆರೆ, ಬಹುಪಾಲು ಕಿಟ್‌ಗಳಲ್ಲಿ, ಫ್ಯಾರಡೆಯ ಅದೇ ಚಿನ್ನ. ಒಂದೊಂದು ಚಿನ್ನದ ಕಣಕ್ಕೂ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಹನಿ ಬಿದ್ದ ಕೂಡಲೇ ಅವು ಪಟ್ಟಿಯೊಳಗೆ ದ್ರವದ ಜೊತೆ ಹರಿಯುತ್ತವೆ. ಹುಡುಕುತ್ತಿರುವ ಅಂಶ ಸಿಕ್ಕರೆ ಅದನ್ನು ಕಚ್ಚಿಕೊಂಡು ಗೆರೆಯ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಲಕ್ಷಾಂತರ ಕಣ ಒಂದೆಡೆ ಸೇರಿದಾಗ ಗೆರೆ ಕಾಣುತ್ತದೆ. ಅಲ್ಲಿರುವ ಚಿನ್ನದ ತೂಕ ಲೆಕ್ಕಕ್ಕೇ ಬಾರದಷ್ಟು ಕಮ್ಮಿ. ಆದರೂ ಸಾಕು, ಯಾಕೆಂದರೆ ಆ ಚಿನ್ನ ಮಾಡಬೇಕಾದ್ದು ಒಂದು ಸುದ್ದಿ ಹೇಳುವ ಕೆಲಸ ಮಾತ್ರ.

ಫೈಜರ್, ಮಾಡರ್ನಾ ಎಂಆರ್‌ಎನ್‌ಎ ಲಸಿಕೆಗಳೂ ಹಾಗೆಯೇ. ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಗುಳ್ಳೆಯೊಳಗೆ ಎಂಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಸುವ ಸಂದೇಶವನ್ನು, ಸುತ್ತಿ ಜೀವಕೋಶದೊಳಕ್ಕೆ ಕಳಿಸುತ್ತಾರೆ. ವಯಸ್ಕರಿಗೆ ಕೊಟ್ಟ ಫೈಜರ್ ಡೋಸಿನಲ್ಲಿ ಇದ್ದ ಎಂಆರ್‌ಎನ್‌ಎ 30 ಮೈಕ್ರೋಗ್ರಾಂ, ಒಂದು ಗ್ರಾಮಿನ ಲಕ್ಷದಲ್ಲಿ ಮೂರು ಭಾಗ. ಅಷ್ಟು ಕಮ್ಮಿ ಸಾಕಾದದ್ದು ಅದೂ ಸಂದೇಶವೇ ಆದ್ದರಿಂದ. ಓದಿಕೊಂಡು ಪ್ರೋಟೀನ್ ತಯಾರಿಸುವ ಕಚ್ಚಾ ಸಾಮಾನು ನಮ್ಮ ಮೈಯಲ್ಲೇ ಇದೆ.

ಎಂಬತ್ತು, ತೊಂಬತ್ತರ ದಶಕದ ಕ್ರಿಕೆಟ್ ನೋಡಿದವರಿಗೆ ಆಟಗಾರರ ಮೂಗು, ತುಟಿಯ ಮೇಲೆ ಸುಣ್ಣ ಬಳಿದಂತಿದ್ದ ಬಿಳಿ ಪಟ್ಟೆ ನೆನಪಿರಬೇಕು. ಅದು ಸತುವಿನ ಆಕ್ಸೈಡ್. ಈಗಿನ ಎಷ್ಟೋ ಸನ್‌ಸ್ಕ್ರೀನ್‌ಗಳಲ್ಲೂ ಅದೇ ಇದೆ, ಆದರೆ ಮುಖ ಬೆಳ್ಳಗಾಗುವುದಿಲ್ಲ. ಕಣ ಬೆಳಕಿನ ಅಲೆಗಿಂತ ಬಹಳ ಚಿಕ್ಕದಾದಾಗ ಕಣ್ಣಿಗೆ ಕಾಣುವ ಬೆಳಕನ್ನು ಅದು ಚದುರಿಸುವುದಿಲ್ಲ, ನೇರಳಾತೀತ ಕಿರಣವನ್ನು ಮಾತ್ರ ತಡೆಯುತ್ತದೆ.

ನೀರಿನ ವಿಚಾರದಲ್ಲಿ ಭಾರತದ ಕೊಡುಗೆ ದೊಡ್ಡದು. ಐಐಟಿ ಮದ್ರಾಸಿನ ಟಿ. ಪ್ರದೀಪ್ ಮತ್ತು ಅವರ ತಂಡ ಬೆಳ್ಳಿಯ ನ್ಯಾನೋ ಕಣಗಳಿಂದ ಕುಡಿಯುವ ನೀರಿನಲ್ಲಿರುವ ಕೀಟನಾಶಕ ತೆಗೆಯುವ ವಿಧಾನ ಕಂಡುಹಿಡಿದರು. ಆಮೇಲೆ ಕಬ್ಬಿಣದ ಸಂಯುಕ್ತವೊಂದನ್ನು ನ್ಯಾನೋ ರೂಪದಲ್ಲಿ ಬಳಸಿ ಆರ್ಸೆನಿಕ್ ಹಿಡಿಯುವ ‘ಅಮೃತ್’ ಶೋಧಕ ಮಾಡಿದರು. ಬಂಗಾಳದಂಥ ಕಡೆ ಆರ್ಸೆನಿಕ್ ನೀರು ಕುಡಿದು ಚರ್ಮ ಕಪ್ಪಾಗಿ ಗಂಟುಗಟ್ಟಿದ ಜನರಿದ್ದಾರೆ. ನಮ್ಮಲ್ಲೂ ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತಲ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ. ಇಲ್ಲಿ ಕೆಲಸ ಮಾಡುವುದು ಬೆಲ್ಲದ ಒಂದೂವರೆ ಎಕರೆಯೇ. ಹೊರಮೈ ಜಾಸ್ತಿ ಇದ್ದಷ್ಟೂ ವಿಷ ಅಂಟಿಕೊಳ್ಳಲು ಜಾಗ ಜಾಸ್ತಿ. ಜಾಗ ತುಂಬಿದ ಮೇಲೆ ಮಾತ್ರ ಯಾವ ನ್ಯಾನೋ ಆದರೂ ಕೈಚೆಲ್ಲುತ್ತದೆ, ಶೋಧಕ ಬದಲಾಯಿಸಲೇಬೇಕು.

ಈ ಕ್ಷೇತ್ರಕ್ಕೆ ಬೆಂಗಳೂರಿನ ಋಣವೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದ ಸಿ.ಎನ್.ಆರ್. ರಾವ್ ಅವರೇ 2007ರಲ್ಲಿ ಶುರುವಾದ ದೇಶದ ನ್ಯಾನೋ ಮಿಷನ್ನಿನ ಹಿಂದಿನ ಶಕ್ತಿ. ನಮ್ಮ ಹುಡುಗ ಹುಡುಗಿಯರು ಇವತ್ತು ಇಂಥ ಪ್ರಯೋಗಾಲಯಗಳಲ್ಲಿ ಕೂತು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಅವರ ಶ್ರಮಕ್ಕೆ ಸಿಗಬೇಕಾದ ನಂಬಿಕೆ ಹಾಳಾಗಬಾರದು ಎಂಬ ಕಾಳಜಿಯೂ ಈ ಬರಹಕ್ಕೆ ಕಾರಣ.

ಇನ್ನು ಬಾಟಲಿಗೆ ಬರುತ್ತೇನೆ.

ದ್ರವ ರೂಪದ ನ್ಯಾನೋ ಯೂರಿಯಾಗೆ ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಅನುಮತಿ ಕೊಟ್ಟಿತು. ಇಫ್ಕೋ ಸಹಕಾರ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. 2022ರ ಮೇ 28ರಂದು ಗುಜರಾತಿನ ಕಲೋಲ್‌ನಲ್ಲಿ ಅದರ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದರು. 500 ಮಿಲಿಲೀಟರ್‌ನ ಒಂದು ಬಾಟಲಿ 45 ಕೆಜಿಯ ಒಂದು ಚೀಲಕ್ಕೆ ಸಮ ಎಂಬುದು ಪ್ರಚಾರ. ದೇಶದ 11,000 ರೈತರ ಹೊಲಗಳಲ್ಲಿ 94 ಬೆಳೆಗಳ ಮೇಲೆ ಪರೀಕ್ಷಿಸಿದ್ದೇವೆ, ಇಳುವರಿ ಸರಾಸರಿ ಶೇ 8ರಷ್ಟು ಏರಿದೆ ಎಂದು ಸಂಸ್ಥೆ ಹೇಳಿಕೊಂಡಿದೆ.

ನಮಗೆ ಸಿಕ್ಕ ಬಾಟಲಿಯ ಲೇಬಲ್ಲಿನ ಸಣ್ಣ ಅಕ್ಷರ ನೋಡಿ. ಸಾರಜನಕ ಶೇ 4. ಅಂದರೆ 500 ಮಿಲಿಲೀಟರ್‌ನಲ್ಲಿ 20 ಗ್ರಾಂ. ಯೂರಿಯಾ ಹರಳಿನಲ್ಲಿ ಶೇ 46 ಸಾರಜನಕ, ಅಂದರೆ 45 ಕೆಜಿ ಚೀಲದಲ್ಲಿ 20.7 ಕೆಜಿ. ಒಂದು ಕಡೆ ಇಪ್ಪತ್ತು ಗ್ರಾಂ, ಇನ್ನೊಂದು ಕಡೆ ಇಪ್ಪತ್ತು ಕೆಜಿ. ಸಾವಿರ ಪಟ್ಟು ವ್ಯತ್ಯಾಸ.

ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಬಹುಪಾಲು ಗಾಳಿಗೆ, ನೀರಿಗೆ ಹೋಗಿ ವ್ಯರ್ಥವಾಗುತ್ತದೆ, ಬೆಳೆಗೆ ಸಿಗುವುದು ಮೂರನೇ ಒಂದು ಪಾಲು ಎನ್ನುತ್ತಾರೆ. ನಿಜ, ಇದು ನಮ್ಮ ಕೃಷಿಯ ದೊಡ್ಡ ಕಾಯಿಲೆ. ಹಾಗೆಯೇ ಲೆಕ್ಕ ಹಿಡಿಯೋಣ. ಚೀಲದ 20.7 ಕೆಜಿಯಲ್ಲಿ ಶೇ 30 ಮಾತ್ರ ಬೆಳೆಗೆ ದಕ್ಕಿತು ಎಂದರೂ ಅದು 6 ಕೆಜಿ. ಬಾಟಲಿಯಿಂದ ಒಂದು ಹನಿಯೂ ಪೋಲಾಗದೆ ಎಲ್ಲವೂ ಎಲೆಯೊಳಗೆ ಇಳಿಯಿತು ಎಂದರೂ 20 ಗ್ರಾಂ. ಆಗಲೂ ಮುನ್ನೂರು ಪಟ್ಟು ಅಂತರ.

ಇಪ್ಪತ್ತು ಗ್ರಾಂ ಅಂದರೆ ಎಷ್ಟು? ಅಕ್ಕಿಯಲ್ಲಿ ಸುಮಾರು ಶೇ 7 ಪ್ರೋಟೀನ್ ಇರುತ್ತದೆ. ಆ ಪ್ರೋಟೀನಿನಲ್ಲಿ ಅಡಗಿರುವ ಸಾರಜನಕ ಒಂದು ಕೆಜಿ ಅಕ್ಕಿಗೆ ಹನ್ನೆರಡು ಗ್ರಾಮಿನಷ್ಟು. ಹಾಗಾದರೆ ಒಂದು ಬಾಟಲಿಯ ಸಾರಜನಕ ಎರಡು ಕೆಜಿ ಅಕ್ಕಿಗೂ ಸಾಲದು. ಎಕರೆಗೆ ಇಪ್ಪತ್ತು ಕ್ವಿಂಟಲ್ ಭತ್ತ ಬೆಳೆಯುವ ಗದ್ದೆಗೆ ಬೇಕಾದ ಸಾರಜನಕ ಮತ್ತೆಲ್ಲಿಂದ ಬರಬೇಕು? ಗಿಡಕ್ಕೆ ಸಾರಜನಕ ಸುದ್ದಿಯಲ್ಲ, ಊಟ. ಎಲೆಯ ಹಸಿರು, ಕಾಳಿನ ಪ್ರೋಟೀನು ಕಟ್ಟಲು ಅದಕ್ಕೆ ಸಾರಜನಕ ಬೇಕೇ ಬೇಕು. ಬೆಲ್ಲವನ್ನು ಎಷ್ಟೇ ನುಣ್ಣಗೆ ಅರೆದರೂ ಒಂದು ಚಿಟಿಕೆಯಲ್ಲಿ ನೂರು ಜನರ ಪಾಯಸ ಸಿಹಿಯಾಗುವುದಿಲ್ಲ.

ಇನ್ನೊಂದು ತೊಡಕಿದೆ. ಯೂರಿಯಾ ನೀರಿನಲ್ಲಿ ಸರಾಗವಾಗಿ ಕರಗುವ ವಸ್ತು. ಕೋಣೆಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿಗೆ ಒಂದು ಕೆಜಿಗೂ ಹೆಚ್ಚು ಕರಗುತ್ತದೆ. ಕರಗಿದ ಯೂರಿಯಾ ಬಿಡಿಬಿಡಿ ಅಣುವಾಗಿರುತ್ತದೆ, ಆ ಅಣು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ಹಾಗಿರುವಾಗ 20ರಿಂದ 50 ನ್ಯಾನೋಮೀಟರ್ ಕಣ ಎಂದು ಕರೆಯುವುದಾದರೆ ಆ ಕಣವನ್ನು ಕರಗದಂತೆ ಹಿಡಿದಿಟ್ಟಿರುವುದು ಏನು ಎಂಬುದು ಸ್ಪಷ್ಟವಾಗಬೇಕು. ಎಲೆಯ ಪತ್ರರಂಧ್ರಗಳಾದರೋ ಸಾವಿರಾರು ನ್ಯಾನೋಮೀಟರ್ ಅಗಲ. ಸಾಮಾನ್ಯ ಯೂರಿಯಾ ನೀರೂ ಎಲೆಯೊಳಕ್ಕೆ ಇಳಿಯುತ್ತದೆ ಎಂಬುದು ನಮ್ಮ ಹಿರಿಯ ರೈತರಿಗೂ ಗೊತ್ತು. ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಿಂಪಡಿಸುವುದು ಕೃಷಿ ಇಲಾಖೆಯೇ ಬಹುಕಾಲದಿಂದ ಹೇಳಿಕೊಂಡು ಬಂದ ಪದ್ಧತಿ. ಒಂದು ಬಾಟಲಿಯನ್ನು ಲೀಟರಿಗೆ 4 ಮಿಲಿಯಂತೆ 125 ಲೀಟರ್ ನೀರಿಗೆ ಬೆರೆಸುತ್ತೇವೆ. ಅಷ್ಟೇ ನೀರಿಗೆ ಸಾಮಾನ್ಯ ಯೂರಿಯಾ ಎರಡೂವರೆ ಕೆಜಿ ಸಾಕು. ಅದರಿಂದ ಬೆಳೆಗೆ ಹೋಗುವ ಸಾರಜನಕ 1,150 ಗ್ರಾಂ. ಚೀಲಕ್ಕೆ ಸುಮಾರು 266 ರೂಪಾಯಿಯ ದರದಲ್ಲಿ ಅದಕ್ಕೆ ತಗಲುವ ಖರ್ಚು 15 ರೂಪಾಯಿ. ಬಾಟಲಿಗೆ 225.

ಸಿಂಪರಣೆ ಎಂದಮೇಲೆ ಎಲೆಯ ಮಾತೂ ಬರುತ್ತದೆ. ಮಳೆಯಲ್ಲಿ ಕೆಸುವಿನ ಎಲೆ ನೋಡಿ. ಹನಿ ಪಾದರಸದಂತೆ ಉಂಡೆಯಾಗಿ ಓಡುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಗುಬುಟುಗಳು, ಅವುಗಳ ಮೇಲೆ ನ್ಯಾನೋ ಗಾತ್ರದ ಮೇಣದ ಹರಳುಗಳು. ಹನಿ ಅವುಗಳ ತುದಿಯ ಮೇಲೆ ಮಾತ್ರ ಕೂರುತ್ತದೆ. ಭತ್ತದ ಎಲೆಯೂ ಇದೇ ಬಗೆಯದು. ಗದ್ದೆಯಲ್ಲಿ ಸಿಂಪಡಿಸಿದ ನೀರು ಜಾರಿ ಕೆಳಗೆ ಬೀಳುವುದನ್ನು ಪಂಪು ಹೊತ್ತ ಪ್ರತಿಯೊಬ್ಬರೂ ಕಂಡಿದ್ದಾರೆ. ಆ ಇಪ್ಪತ್ತು ಗ್ರಾಮಿನಲ್ಲೂ ಎಷ್ಟೋ ಪಾಲು ಎಲೆಯೊಳಗೆ ಇಳಿಯುವ ಮುಂಚೆಯೇ ಮಣ್ಣಿಗೆ ಹೋಗುತ್ತದೆ.

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಹೊಲದಲ್ಲೇ ಪ್ರಯೋಗ ಮಾಡಿತು. ಶಿಫಾರಸು ಮಾಡಿದ ಸಾರಜನಕ ಪೂರ್ತಿ ಕೊಟ್ಟ ತಾಕಿಗೆ ಹೋಲಿಸಿದರೆ ನ್ಯಾನೋ ಯೂರಿಯಾ ನೆಚ್ಚಿದ ತಾಕಿನಲ್ಲಿ ಗೋಧಿಯ ಇಳುವರಿ ಶೇ 21.6, ಭತ್ತದ ಇಳುವರಿ ಶೇ 13 ಕಮ್ಮಿಯಾಯಿತು. ಕಾಳಿನಲ್ಲಿನ ಸಾರಜನಕವೂ ಇಳಿಯಿತು, ಅಂದರೆ ಉಣ್ಣುವವರ ತಟ್ಟೆಯ ಪ್ರೋಟೀನೂ ಇಳಿದ ಹಾಗೆ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ಸಸ್ಯವಿಜ್ಞಾನಿಗಳೂ ಬಾಟಲಿಯ ಹಿಂದಿನ ವಿಜ್ಞಾನವನ್ನು ಬಹಿರಂಗವಾಗಿ ಪ್ರಶ್ನಿಸಿದರು. ಸಂಸ್ಥೆ ಇವನ್ನೆಲ್ಲ ಒಪ್ಪಿಲ್ಲ. ತನ್ನ ಹೊಲ ಪ್ರಯೋಗಗಳೇ ಸರಿ ಎನ್ನುತ್ತಿದೆ. 2024ರಲ್ಲಿ ಶೇ 20 ಸಾರಜನಕದ ‘ನ್ಯಾನೋ ಯೂರಿಯಾ ಪ್ಲಸ್’ ಬಂತು. ಅದರ ಬಾಟಲಿಯಲ್ಲಿ 100 ಗ್ರಾಂ ಸಾರಜನಕ, ಚೀಲಕ್ಕಿಂತ ಇನ್ನೂರು ಪಟ್ಟು ಕಮ್ಮಿ.

ಗಿಡದೊಳಗಿನ ಕಿಣ್ವಗಳನ್ನು ನ್ಯಾನೋ ಕಣ ಚುರುಕುಗೊಳಿಸುತ್ತದೆ, ಹಾಗಾಗಿ ಕಮ್ಮಿ ಸಾಕು ಎಂಬ ವಾದವನ್ನೂ ಕೇಳಿದ್ದೇನೆ. ಹಾಗೆಯೇ ಇರಲಿ ಎಂದು ಒಪ್ಪಿಕೊಂಡರೂ ಚುರುಕಾದ ಗಿಡ ತನ್ನ ಸಾರಜನಕವನ್ನು ಮಣ್ಣಿನಿಂದಲೇ ಎಳೆಯಬೇಕು. ಒಂದೆರಡು ಬೆಳೆ ಹಳೇ ಉಳಿಕೆಯ ಮೇಲೆ ಚೆನ್ನಾಗಿ ಬಂದೀತು. ಆಮೇಲೆ ಬರಿದಾಗುವುದು ನಮ್ಮ ಹೊಲ. ಚೀಲದ ಬದಲು ಬಾಟಲಿ ಹೊಡೆದರೂ ಏನೂ ನಷ್ಟವಾಗಲಿಲ್ಲ, ಬೆಳೆ ಚೆನ್ನಾಗೇ ಇತ್ತು ಎನ್ನುವ ರೈತರ ಮಾತನ್ನೂ ಇದೇ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು. ಅವರ ಅನುಭವ ಸುಳ್ಳಲ್ಲ, ಆ ವರ್ಷದ ಊಟ ಬಡಿಸಿದ್ದು ಮಣ್ಣು.

ಸರ್ಕಾರದ ಚಿಂತೆ ತಪ್ಪಲ್ಲ. ಚೀಲದ ನಿಜವಾದ ಬೆಲೆ ರೈತ ಕೊಡುವುದರ ಹಲವು ಪಟ್ಟು, ಸಬ್ಸಿಡಿಯ ಹೊರೆ ಭಾರಿ, ವಿದೇಶದಿಂದ ತರಿಸುವ ಯೂರಿಯಾಗೆ ಡಾಲರ್ ಸುರಿಯಬೇಕು. ಮಿತಿಮೀರಿದ ಯೂರಿಯಾದಿಂದ ಬಾವಿ ನೀರಿಗೆ ನೈಟ್ರೇಟ್ ಸೇರುತ್ತಿದೆ, ಮಣ್ಣು ಸಾಯುತ್ತಿದೆ. ಬಳಕೆ ಇಳಿಸಲೇಬೇಕು. ಆದರೆ ತಪ್ಪು ಲೆಕ್ಕ ಹೇಳಿ ಇಳಿಸಿದರೆ ನಷ್ಟ ಹೊರುವವನು ಎರಡೆಕರೆಯ ರೈತ. ಚೀಲದ ಜೊತೆ ಬಾಟಲಿಯನ್ನು ಕಡ್ಡಾಯ ಮಾಡಬೇಡಿ ಎಂದು 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರೇ ರಾಜ್ಯಗಳಿಗೆ ಪತ್ರ ಬರೆದರು. ನಾವು ಸಾಲಿನಲ್ಲಿ ನಿಂತಿದ್ದದ್ದೂ ಅದೇ ತಿಂಗಳು.

ಹಾಗೆಂದು ಹೊಲದಲ್ಲಿ ನ್ಯಾನೋಗೆ ಜಾಗವೇ ಇಲ್ಲವೆಂದಲ್ಲ. ಸತುವನ್ನೇ ತೆಗೆದುಕೊಳ್ಳಿ. ಗಿಡಕ್ಕೆ ಅದು ಊಟದ ಉಪ್ಪಿನಂತೆ, ಒಂದು ಎಕರೆಯ ಬೆಳೆ ಹೀರಿಕೊಳ್ಳುವುದು ಗ್ರಾಂ ಲೆಕ್ಕದಲ್ಲಿ. ಅಂಥ ಕಡೆ ಎಲೆಗೆ ಅಂಟಿ ನಿಧಾನವಾಗಿ ಬಿಡುಗಡೆಯಾಗುವ ನ್ಯಾನೋ ಕಣ ನಿಜಕ್ಕೂ ಉಪಯೋಗವಾಗಬಹುದು, ತೂಕದ ಲೆಕ್ಕವೂ ಹೊಂದುತ್ತದೆ. ಕೀಟನಾಶಕವನ್ನು ಬೇಕಾದ ಜಾಗಕ್ಕೆ ಮಾತ್ರ ತಲುಪಿಸಿ ಒಟ್ಟು ಬಳಕೆ ತಗ್ಗಿಸುವ ಸಂಶೋಧನೆಯೂ ಭರವಸೆಯದು. ಜೊತೆಗೆ ಎಚ್ಚರವೂ ಬೇಕು. ಮಿಠಾಯಿ, ಚ್ಯೂಯಿಂಗ್ ಗಮ್‌ಗೆ ಬಿಳುಪು ಕೊಡಲು ಹಾಕುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಿಂದ ನಿಷೇಧಿಸಿತು. ಅದರಲ್ಲಿ ನ್ಯಾನೋ ಕಣಗಳೂ ಇರುತ್ತವೆ, ಅದು ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಅಲ್ಲಿನ ತಜ್ಞರ ಅಭಿಪ್ರಾಯ. ಗುಣ ಬದಲಾಗುವುದೇ ನ್ಯಾನೋದ ಶಕ್ತಿ ಎಂದಾದರೆ, ಮೈಯೊಳಗೆ ಹೋದಾಗ ಆ ಬದಲಾದ ಗುಣ ಏನು ಮಾಡುತ್ತದೆ ಎಂದೂ ಹೊಸದಾಗಿಯೇ ಪರೀಕ್ಷಿಸಬೇಕು.

ನಮ್ಮ ರಾಜ್ಯದಲ್ಲಿ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ರಾಗಿ, ಮೆಕ್ಕೆಜೋಳ, ಭತ್ತದ ಮೇಲೆ ನ್ಯಾನೋ ಗೊಬ್ಬರ ಬಳಸಿದಾಗ ಮೂರು ನಾಲ್ಕು ವರ್ಷ ಕಳೆದ ಮೇಲೆ ಅದೇ ಮಣ್ಣಿನಲ್ಲಿ ಸಾರಜನಕ ಎಷ್ಟು ಉಳಿಯಿತು ಎಂಬ ಅಂಕಿಗಳನ್ನು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಇಳುವರಿಯ ಲೆಕ್ಕದ ಪಕ್ಕದಲ್ಲೇ ಮಣ್ಣಿನ ಲೆಕ್ಕ. ಬಾಟಲಿಯ ಮುಖದ ಮೇಲೆ ‘ನ್ಯಾನೋ’ ಎಂದು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಒಳಗೆ ಎಷ್ಟು ಗ್ರಾಂ ಸಾರಜನಕವಿದೆ ಎಂದು ಬರೆಯುವುದನ್ನು ಕಡ್ಡಾಯ ಮಾಡಬೇಕು.

ಆ ಸಂಜೆ ಅಪ್ಪನಿಗೆ ಈ ಲೆಕ್ಕವನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಹಿಂದಿನ ಹಂಗಾಮುಗಳಲ್ಲಿ ಬಂದ ಲಿಂಕೂ ಸೇರಿ ನಮ್ಮ ಅಟ್ಟದ ಮೇಲೆ ಐದು ಬಾಟಲಿ ಇದ್ದವು. ಐದೂ ಸೇರಿ ನೂರು ಗ್ರಾಂ ಸಾರಜನಕ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ ಅರ್ಧದಷ್ಟು ಸಾರಜನಕ ಇರುತ್ತದೆ. ಅಪ್ಪ ಬೆರಳಲ್ಲೇ ಎಣಿಸಿ, ಎದ್ದು ಹೋಗಿ ತಿಪ್ಪೆಯ ಪಕ್ಕ ಮಗುಚಿ ಇಟ್ಟಿದ್ದ ಮಂಕರಿಯನ್ನು ಕಾಲಿನಿಂದ ತಟ್ಟಿದರು. ‘ಇದರಲ್ಲಿ ಇಪ್ಪತ್ತು ಕೆಜಿ ಹಿಡೀತದೆ. ಅಂದ್ರೆ ಒಂದು ಮಂಕರಿ.’